ಹುಣಸೆಗೆ ತಕ್ಕ ಚೈನು

ನನ್ನ ಅಂಗಡಿಗೆ ಬಂದು "ಗಟ್ಟಿ ಸೌದೆ ಕೊಯ್ಯೋಕೆ ಯಾವ ಚೈನ್ ಹಾಕ್ಬೇಕು?" ಎಂದು ಕೇಳುವವರಿಗೆ ನಾನು ಸುಮ್ಮನೆ ಒಂದು ಡಬ್ಬಿ ತೆಗೆದು ಕೊಡುವುದಿಲ್ಲ. ಎಂಜಿನ್ ಎಷ್ಟು ದೊಡ್ಡದು, ಬ್ಲೇಡು ಎಷ್ಟು ಉದ್ದ ಅನ್ನುವುದೆಲ್ಲ ಆಮೇಲಿನ ಮಾತು. ಮೊದಲು ಒಂದು ಪ್ರಶ್ನೆ ಹಾಕುತ್ತೇನೆ: "ಮರದೊಳಗೆ ಯಾರವ್ರೆ?"

ಹೊಸಬರು ನನ್ನ ಮುಖವನ್ನೇ ನೋಡುತ್ತಾರೆ. ಈ ಮನುಷ್ಯನಿಗೆ ಪೆಟ್ರೋಲ್ ವಾಸನೆ ತಲೆಗೇರಿದೆ ಎಂದುಕೊಳ್ಳುವವರೂ ಉಂಟು. ಕಲ್ಯಾಣದುರ್ಗದ ಕಡೆಯಿಂದ ಬರುವ ಹಳೆಯ ಮರ ಕೊಯ್ಯುವವರು ಮಾತ್ರ ನಕ್ಕುಬಿಡುತ್ತಾರೆ. "ನೀವು ಡಿಪೋ ಅಕ್ಕನ ಶಿಷ್ಯರಲ್ವಾ?" ಅನ್ನುತ್ತಾರೆ. ಹೌದು ಸ್ವಾಮಿ, ಹೌದು! ಈ ಜನ್ಮದಲ್ಲಿ ನಾನು ಪಾಸಾದ ಒಂದೇ ಒಂದು ಪರೀಕ್ಷೆ ಅದು. ಅದರಲ್ಲೂ ಮೊದಲ ಸಲ ಫೇಲಾಗಿ ಆಮೇಲೆ ಪಾಸಾದವನು.

ಅಕ್ಕ ಹೋದ ತಿಂಗಳು ತೀರಿಕೊಂಡರು. ಸತ್ತವರ ಬಗ್ಗೆ ಬರೆಯುವಾಗ ದನಿ ತಗ್ಗಿಸಬೇಕಂತೆ. ನನಗದು ಆಗುವುದಿಲ್ಲ. ಅಕ್ಕ ಇದ್ದ ಕಡೆಯೆಲ್ಲ ಗರಗಸದ ಸದ್ದಿತ್ತು, ಅವರೊಡನೆ ಮಾತಾಡಬೇಕಾದರೆ ಕೂಗಲೇಬೇಕಿತ್ತು, ಆ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಹೆಸರನ್ನೂ ಬರೆಯುವುದಿಲ್ಲ. ಹಿಂದೂಪುರದಲ್ಲಿ ಯಾರೂ ಅವರನ್ನು ಹೆಸರಿಟ್ಟು ಕರೆದದ್ದನ್ನು ನಾನು ಕೇಳಿಲ್ಲ. ರೈಲು ಹಳಿಯ ಪಕ್ಕದಲ್ಲಿ ಅವರದೊಂದು ಸೌದೆ ಡಿಪೋ ಇತ್ತು, ಅದಕ್ಕೇ ಅವರು ಡಿಪೋ ಅಕ್ಕ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಆಗ ನಾನು ಹಿಂದೂಪುರದ ಒಂದು ಪಂಪ್‌ಸೆಟ್ ಅಂಗಡಿಯಲ್ಲಿ ಸೇಲ್ಸ್‌ಮನ್. ಪರಿಗಿಯಿಂದ ದಿನಾ ಬಸ್ಸಿನಲ್ಲಿ ಬಂದುಹೋಗುತ್ತಿದ್ದೆ. ಅಂಗಡಿಗೆ ಒಂದು ದಿನ ಕಿತ್ತಳೆ ಬಣ್ಣದ ಚೈನ್ ಗರಗಸ ಬಂತು. ನಮ್ಮ ಕಡೆ ಯಾರೂ ಅಂಥದ್ದನ್ನು ನೋಡಿರಲಿಲ್ಲ. ಅದರ ಜೊತೆ ಬಂದ ಪುಸ್ತಕವನ್ನು ನಾನು ಮೂರು ಸಲ ಓದಿದೆ. ಒಂದು ಕಡ್ಡಿಯನ್ನೂ ಕೊಯ್ಯದೆ, ಅದರ ವಿಷಯದಲ್ಲಿ ಇಡೀ ಅನಂತಪುರ ಜಿಲ್ಲೆಗೆ ನಾನೇ ಪಂಡಿತ ಎಂದು ಬೀಗಿದೆ.

ವಾರ ಕಳೆದಿರಲಿಲ್ಲ, ಅಕ್ಕ ಬಂದರು. ಸುಮಾರು ನಲವತ್ತೈದರ ಹೆಂಗಸು. ಸೀರೆಯ ಮೇಲೆ ಗಂಡಸರ ಖಾಕಿ ಅಂಗಿ ತೊಟ್ಟಿದ್ದರು. ಅಂಗಿಯ ತೋಳು ಮಡಚಿದ್ದರು. ತಲೆಯಲ್ಲಿ ಮರದ ಹೊಟ್ಟು.

"ಏನಪ್ಪಾ, ಒಬ್ರೇ ಹಿಡಿಯೋ ಗರಗಸ ಬಂದೈತಂತೆ ನಿಮ್ಮಂಗಡೀಗೆ?"

"ಬಂದೈತಮ್ಮ. ನಿಮ್ ಯಜಮಾನ್ರನ್ನ ಕಳ್ಸಿ, ತೋರಿಸ್ತೀನಿ."

"ಯಜಮಾನ್ರು ಇದ್ದಿದ್ರೆ ಈ ಮಿಷನ್ ಯಾಕಪ್ಪ ಬೇಕಿತ್ತು? ದೊಡ್ಡ ಗರಗಸಕ್ಕೆ ಎರಡು ಹಿಡಿ. ಈ ಕಡೆ ನಾನಿದೀನಿ. ಆ ಕಡೆ ಇದ್ದೋರು ಹೋಗ್ಬುಟ್ರು."

ಮಾಲೀಕರು ಒಳಗಿನಿಂದಲೇ "ಆಯಮ್ಮಕಿ ಚೂಪಿಂಚು ರಾ" ಎಂದು ತೆಲುಗಿನಲ್ಲಿ ಗದರಿದರು. ತೋರಿಸಿದೆ. ಅಕ್ಕ ಮಿಷನ್ನಿನ ಕಡೆ ನೋಡಲೇ ಇಲ್ಲ. ಚೈನನ್ನು ಕೈಗೆ ತೆಗೆದುಕೊಂಡು ಒಂದೊಂದೇ ಹಲ್ಲಿನ ಮೇಲೆ ಹೆಬ್ಬೆರಳು ಆಡಿಸಿದರು. ಅವರೂ ಗಂಡನೂ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೇ ಗರಗಸದ ಎರಡು ತುದಿ ಹಿಡಿದು ಎಳೆದವರು. ಹಲ್ಲಿನ ಮರ್ಮ ನನ್ನ ಪುಸ್ತಕಕ್ಕಿಂತ ಅವರ ಹೆಬ್ಬೆರಳಿಗೆ ಚೆನ್ನಾಗಿ ಗೊತ್ತಿತ್ತು.

ನಮ್ಮಲ್ಲಿ ಎರಡು ತರದ ಚೈನುಗಳಿದ್ದವು. ಒಂದರ ಹಲ್ಲಿನ ಮೂಲೆ ಚೌಕ, ಚೂಪು. ನೀಲಗಿರಿಯಂಥ ಮೆತ್ತನೆ ಮರಕ್ಕೆ ಇಟ್ಟರೆ ಸುಯ್ಯೆಂದು ಇಳಿಯುತ್ತದೆ. ಇನ್ನೊಂದರ ಹಲ್ಲಿನ ಮೂಲೆ ದುಂಡಗೆ. ನಿಧಾನ, ಆದರೆ ಗಟ್ಟಿ ಮರಕ್ಕೆ, ಮಣ್ಣು ಮೆತ್ತಿದ ತೊಗಟೆಗೆ ತಾಳಿಕೊಳ್ಳುತ್ತದೆ. ನಾನು ಚೂಪು ಚೈನನ್ನೇ ಹೊಗಳಿದೆ. ಅಕ್ಕ ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಇದು ಮದುಮಗ ಕಣಪ್ಪ. ನೋಡೋಕೆ ಚಂದ, ಒಂದಿನ ಮೆರೀತೈತೆ. ಇದಿದೆಯಲ್ಲ, ಈ ದುಂಡು ಹಲ್ಲಿಂದು, ಇದು ಮುದುಕಿ. ನಿಧಾನಕ್ಕೆ ಅಗೀತೈತೆ, ಆದ್ರೆ ಬಿಡಾಕಿಲ್ಲ. ನಂದು ಹುಣಸೆ ಡಿಪೋ. ನಂಗೆ ಮುದುಕಿ ಕೊಡು."

ಅವತ್ತಿನಿಂದ ನಮ್ಮ ಅಂಗಡಿಯಲ್ಲಿ ಆ ಎರಡು ಚೈನುಗಳಿಗೆ ಮದುಮಗ, ಮುದುಕಿ ಎಂದೇ ಹೆಸರಾಯಿತು. ಮಾಲೀಕರೂ ಹಾಗೇ ಕರೆಯತೊಡಗಿದರು. ನನಗೆ ಮಾತ್ರ ಒಳಗೊಳಗೇ ಉರಿ. ಪುಸ್ತಕ ಓದಿದವನು ನಾನು, ಹೆಸರಿಡುವವರು ಇವರಾ?

ಅಕ್ಕ ಚೈನು ಮಸೆಯುವುದನ್ನು ನೋಡಬೇಕಿತ್ತು! ಡಿಪೋದ ಬಾಗಿಲಲ್ಲಿ ಕಾಲು ಚಾಚಿ ಕೂತು, ಮಲ್ಲಿಗೆ ಕಟ್ಟುವವರ ಹಾಗೆ ಚೈನನ್ನು ಮಡಿಲಿಗೆ ಹಾಕಿಕೊಂಡು, ಸಣ್ಣ ದುಂಡು ಅರದಿಂದ ಒಂದೊಂದು ಹಲ್ಲಿಗೂ ಮೂರು ಸಲ ಉಜ್ಜುತ್ತಿದ್ದರು. ಮೂರೇ. ಹೆಚ್ಚಿಲ್ಲ, ಕಡಿಮೆಯಿಲ್ಲ. ಆಗ ಯಾರೂ ಮಾತಾಡಿಸುವ ಹಾಗಿರಲಿಲ್ಲ. "ಒಂದು ಹಲ್ಲಿಗೆ ಜಾಸ್ತಿ ಉಜ್ಜಿದ್ರೆ ಇನ್ನೊಂದಕ್ಕೆ ಹೊಟ್ಟೆಕಿಚ್ಚು ಬತ್ತೈತೆ. ಆಮೇಲೆ ಮಿಷನ್ನು ಒಂದ್ ಕಡೀಕೆ ಎಳೀತೈತೆ" ಎಂದು ಮುಗಿದ ಮೇಲೆ ಹೇಳುತ್ತಿದ್ದರು.

ಕೊಯ್ಯುವಾಗ ಅವರ ಕಣ್ಣು ಮರದ ಮೇಲಿರುತ್ತಿರಲಿಲ್ಲ, ನೆಲದ ಮೇಲಿರುತ್ತಿತ್ತು. ಉದುರುವ ಹೊಟ್ಟನ್ನು ಆಗಾಗ ಹಿಡಿಯಲ್ಲಿ ತೆಗೆದುಕೊಂಡು ನೋಡುತ್ತಿದ್ದರು. "ಅವಲಕ್ಕಿ ಬಿದ್ರೆ ಹಲ್ಲು ಸರಿಯಾಗೈತೆ. ರಾಗಿಹಿಟ್ಟು ಬಿದ್ರೆ ನಿಲ್ಸು, ಮಸೆ." ನಾನು ಈಗಲೂ ಗಿರಾಕಿಗಳಿಗೆ ಹೇಳುವುದು ಅಷ್ಟೇ. ಪುಸ್ತಕದಲ್ಲಿ ಅದಕ್ಕೆ ನಾಲ್ಕು ಪುಟ ಖರ್ಚು ಮಾಡಿದ್ದಾರೆ.

ಇನ್ನು ಆ ಪ್ರಶ್ನೆ. ಯಾವುದೇ ಊರಿನ ಹುಣಸೆ ಕೊಯ್ಯಲು ಹೋದರೂ ಅಕ್ಕ ಮೊದಲು ಮರದ ಹತ್ತಿರ ಹೋಗುತ್ತಿರಲಿಲ್ಲ. ಊರಿನ ಮುದುಕಿಯರ ಜಗಲಿಗೆ ಹೋಗಿ ಎಲೆ ಅಡಿಕೆ ಹಾಕಿಕೊಂಡು ಕೂರುತ್ತಿದ್ದರು. ಅದೂ ಇದೂ ಮಾತಾಡಿ ಕೊನೆಗೆ ಮೆಲ್ಲಗೆ, "ಆ ಮರದೊಳಗೆ ಯಾರವ್ರೆ ತಾಯಿ?" ಎಂದು ಕೇಳುತ್ತಿದ್ದರು. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಗಾಳಿ ಸೋಕಿದೆ, ದೆವ್ವ ಹಿಡಿದಿದೆ ಎಂದಾದರೆ ಮಂತ್ರವಾದಿ ಬರುತ್ತಿದ್ದ. ಆ ಹೆಣ್ಣನ್ನು ಹುಣಸೆ ಮರಕ್ಕೆ ಬೆನ್ನುಕೊಟ್ಟು ನಿಲ್ಲಿಸಿ, ನೆತ್ತಿಯ ಕೂದಲನ್ನು ಮೊಳೆಗೆ ಸುತ್ತಿ ಮರಕ್ಕೆ ಹೊಡೆದು, ಕೂದಲು ಕತ್ತರಿಸಿ ಬಿಡಿಸುತ್ತಿದ್ದ. ದೆವ್ವ ಮರದಲ್ಲಿ ಉಳಿಯಿತು, ಹೆಣ್ಣು ಮನೆಗೆ ಹೋದಳು ಎಂದು ಲೆಕ್ಕ. ವರ್ಷ ಕಳೆದಂತೆ ಮರ ದಪ್ಪಗಾಗಿ ಮೊಳೆಯನ್ನು ನುಂಗಿಬಿಡುತ್ತದೆ, ಹೊರಗೆ ಗುರುತೇ ಉಳಿಯುವುದಿಲ್ಲ. ಗರಗಸದ ಹಲ್ಲಿಗೆ ಮಾತ್ರ ಗೊತ್ತಾಗುತ್ತದೆ.

ಮೊದಲ ಸಲ ಕೇಳಿದಾಗ ನಾನು ನಕ್ಕುಬಿಟ್ಟೆ. "ಏನಕ್ಕಾ, ಚೈನ್ ಕೊಳ್ಳೋಕೆ ದೆವ್ವದ ವಿಚಾರಣೇನಾ?" ಎಂದೆ. ಅಕ್ಕ ಸಿಟ್ಟಾಗಲಿಲ್ಲ. "ನಗು, ನಗು. ಒಂದಿನ ನೀನೂ ಕೇಳ್ತೀಯ ಕಣ್ಲಾ" ಎಂದರು.

ಆ ದಿನ ಬೇಗನೆ ಬಂತು.

ಅದು ಕಾರ್ತಿಕ ಮಾಸ. ತುಫಾನು ಎದ್ದು ನಾಲ್ಕು ದಿನ ಬಿಡದೆ ಮಳೆ. ನಮ್ಮ ಸೀಮೆಗೆ ಅಂಥ ಮಳೆ ಬಂದರೆ ಜನ ಕೈ ಮುಗಿಯುತ್ತಾರೆ, ಆದರೆ ಡಿಪೋದ ಹಿಂದಿನ ಬೀದಿಯಲ್ಲಿ ಅಳು ಶುರುವಾಯಿತು. ಅದು ರೇಷ್ಮೆ ನೂಲು ಬಿಚ್ಚುವವರ ಬೀದಿ. ಎಲ್ಲರ ಮನೆಯಲ್ಲೂ ಸಂತೆಯಿಂದ ತಂದ ಗೂಡು ರಾಶಿ ಬಿದ್ದಿತ್ತು. ಗೂಡನ್ನು ಬೇಗ ಹಬೆಯಲ್ಲಿ ಬೇಯಿಸದಿದ್ದರೆ ಒಳಗಿನ ಹುಳು ಚಿಟ್ಟೆಯಾಗಿ ತೂತು ಕೊರೆದುಕೊಂಡು ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ಎಳೆ ಬರುವುದಿಲ್ಲ. ಬೇಯಿಸೋಣವೆಂದರೆ ಊರಿನ ಸೌದೆಯೆಲ್ಲ ತೊಯ್ದು ತೊಪ್ಪೆ. ಒಲೆಯಿಂದ ಬರೀ ಹೊಗೆ.

ಆ ಬೀದಿಯ ಹೆಂಗಸರು ಡಿಪೋಗೆ ಬಂದು ನಿಂತಾಗ ನಾನೂ ಅಲ್ಲಿದ್ದೆ. "ಅಕ್ಕಯ್ಯಾ, ಇನ್ನು ಮೂರು ದಿನ. ಆಮೇಲೆ ನಮ್ಮನೆ ತುಂಬ ಚಿಟ್ಟೆ" ಎಂದಳು ಒಬ್ಬಳು. ಅಕ್ಕ ತಮ್ಮ ಒದ್ದೆ ರಾಶಿಯನ್ನೇ ನೋಡುತ್ತಾ ನಿಂತಿದ್ದರು. ಆಮೇಲೆ ತಟ್ಟನೆ ಹೇಳಿದರು:

"ಬ್ರಹ್ಮಸಮುದ್ರದ ಆಚೆ ಒಂದೂರಾಗೆ ಒಂದು ಹುಣಸೆ ಐತೆ. ಎಷ್ಟೋ ವರ್ಷದಿಂದ ಒಣಗಿ ನಿಂತಿತ್ತು. ಮೊನ್ನೆ ಗಾಳಿಗೆ ಬಿದ್ದೋಯ್ತಂತೆ. ಮೇಲೆ ಎಷ್ಟು ನೆಂದಿದ್ರೂ ಒಳಗಿನ ಚೇಗು ಒಣಗೇ ಇರ್ತೈತೆ. ನಾಡಿದ್ದು ಬೆಳಗ್ಗೆಗೆ ಸೌದೆ ತತ್ತೀನಿ. ಗೂಡು ಯಾರೂ ಬಿಸಾಕ್ಬೇಡಿ."

ಹೆಂಗಸರು ಹೋದ ಮೇಲೆ ನನ್ನ ಕಡೆ ತಿರುಗಿ, "ಚೈನು ಎಷ್ಟವೆ ನಿಮ್ಮಂಗಡೀಲಿ?" ಎಂದರು. ಮದುಮಗ ಎರಡಿತ್ತು. ಮುದುಕಿ ಮುಗಿದಿತ್ತು. ಅಕ್ಕನ ಮಿಷನ್ನಿನಲ್ಲಿದ್ದ, ಅರ್ಧ ಸವೆದ ಮುದುಕಿ ಒಂದೇ ಗತಿ. ನಾನು ಉಮೇದಿನಿಂದ, "ಎರಡು ಮದುಮಗ ಸಾಕಕ್ಕಾ, ನಾನೇ ಬತ್ತೀನಿ, ಒಂದು ಗಂಟೇಲಿ ತುಂಡು ಮಾಡಿ ಕೊಡ್ತೀನಿ" ಎಂದೆ. ಆ ಹೊತ್ತಿಗೆ ಮಿಷನ್ ಹಿಡಿದು ಒಂದಿಷ್ಟು ನೀಲಗಿರಿ ಕೊಯ್ದಿದ್ದೆ. ಕೊಬ್ಬು.

ಮರುದಿನ ಬೆಳಕು ಹರಿಯುವಾಗ ಲಾರಿ ಹೊರಟಿತು. ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನ ಮುಂದೆ ನಿಲ್ಲಿಸಿ ಮಂಡಕ್ಕಿ ಒಗ್ಗರಣೆಯ ಉಗ್ಗಾನಿ, ಬಜ್ಜಿ ತಿಂದೆವು. ನಾನು ಮತ್ತು ಡ್ರೈವರು ಎರಡೆರಡು ಪ್ಲೇಟು ಇಳಿಸಿದೆವು. ಅಕ್ಕ ಬಜ್ಜಿಯ ತುದಿ ಮುರಿದು ಹಾಗೇ ಇಟ್ಟರು. ದಾರಿಯುದ್ದಕ್ಕೂ ಒಂದು ಮಾತಿಲ್ಲ. ಲಾರಿ ಬ್ರಹ್ಮಸಮುದ್ರ ದಾಟುವಾಗ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಸದಾ ವಟವಟ ಅನ್ನುವ ಅಕ್ಕ ಯಾಕೆ ಹೀಗಿದ್ದಾರೆ ಎಂದು ನನಗೆ ಅನಿಸಿತು. ಚಳಿ ಇರಬೇಕು ಎಂದುಕೊಂಡೆ.

ಅಬ್ಬಾ, ಆ ಮರ! ಊರ ಬಾಗಿಲಲ್ಲಿ ಬೇರುಸಮೇತ ಅಡ್ಡ ಬಿದ್ದಿತ್ತು. ಬೋಡು, ಕಪ್ಪು, ಇಬ್ಬರು ತಬ್ಬಿದರೂ ಕೈ ಕೂಡದಷ್ಟು ದಪ್ಪ. ಪಂಚಾಯ್ತಿಯವರು "ಬೇಕಾದ್ರೆ ನೀವೇ ಕೊಯ್ಕೊಂಡೋಗಿ, ನಾವಂತೂ ಮುಟ್ಟಾಕಿಲ್ಲ" ಎಂದು ಮೊದಲೇ ಹೇಳಿ ಕಳಿಸಿದ್ದರು. ಅಷ್ಟು ವರ್ಷ ಒಣಗಿ ನಿಂತ ಮರದಿಂದ ಒಬ್ಬರೂ ಒಂದು ಪುರಳೆ ಮುರಿದುಕೊಂಡಿರಲಿಲ್ಲ ಅಂದರೆ ಯಾಕೆ ಎಂದು ನಾನು ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಅಕ್ಕ ಎಂದಿನಂತೆ ಮರದ ಕಡೆ ಬರದೆ ಊರೊಳಕ್ಕೆ ಹೋದರು. "ನಾನು ಬರೋಗಂಟ ಮಿಷನ್ ಮುಟ್ಬೇಡ" ಎಂದು ಹೇಳಿಯೇ ಹೋದರು. ಹತ್ತು ನಿಮಿಷ ಕಾದೆ. ಸುತ್ತ ಜನ ಸೇರಿದ್ದರು. ಎಲ್ಲರ ಕಣ್ಣೂ ಆ ಕಿತ್ತಳೆ ಮಿಷನ್ನಿನ ಮೇಲೆ. ಇಷ್ಟು ಜನ ನೋಡುತ್ತಿರುವಾಗ ಸುಮ್ಮನೆ ನಿಲ್ಲುವುದು ಹೇಗೆ? ಮದುಮಗನನ್ನು ಏರಿಸಿ, ಹಗ್ಗ ಎಳೆದು, ಬುಡದ ಕಡೆಯಿಂದ ಗತ್ತಾಗಿ ಇಟ್ಟೆ.

ನಾಲ್ಕು ಬೆರಳು ಇಳಿದಿರಬೇಕು. ಕರ್ರ್ ಎಂದು ಸದ್ದಾಯಿತು, ಕಿಡಿ ಹಾರಿತು. ಜನ ಕೂಗಿಕೊಂಡು ಹಿಂದಕ್ಕೆ ಓಡಿದರು. ಚೈನಿನ ಹಲ್ಲುಗಳು ಸಾಲಾಗಿ ಮೊಂಡಾಗಿದ್ದವು. ಅಲ್ಲಿಗೆ ನಿಲ್ಲಿಸಬೇಕಿತ್ತು. ನನ್ನ ಮಾನ ಹೋಗಿತ್ತಲ್ಲ! ಎರಡನೇ ಮದುಮಗನನ್ನು ಹಾಕಿ ಒಂದು ಮೊಳ ಈಚೆಗೆ ಇಟ್ಟೆ. ಮತ್ತೆ ಕರ್ರ್, ಮತ್ತೆ ಕಿಡಿ.

ಊರ ಹಿರಿಯರೊಬ್ಬರು ಕೋಲೂರಿಕೊಂಡು ಮುಂದೆ ಬಂದರು. "ವದ್ದು ನಾಯನಾ, ವದ್ದು! ಬ್ಯಾಡ, ನಿಲ್ಸು. ಅವ್ರನ್ನ ಎಬ್ಬಿಸ್ಬುಟ್ಟೆಯಲ್ಲಪ್ಪ!" ಎಂದು ನನ್ನ ಕೈ ಹಿಡಿದರು.

ಸದ್ದು ಕೇಳಿ ಅಕ್ಕ ಓಡಿಬಂದರು. ಎರಡೂ ಚೈನು ನೋಡಿದರು. ನನ್ನನ್ನು ನೋಡಲಿಲ್ಲ. ಅದೇ ಸಾಕಾಯಿತು, ಬೈದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

"ತಾತಾ, ಮೊಳೆ ಎಲ್ಲೆಲ್ಲಿ ಅವೆ ಅಂತ ಒಬ್ರೂ ಹೇಳ್ತಿಲ್ಲ. ಅಲ್ಲಿ ಹಿಂದೂಪುರದಾಗೆ ಒಂದು ಬೀದಿ ಜನ ಕಾಯ್ಕೊಂಡವ್ರೆ. ನಂತಾವ ಉಳಿದಿರೋದು ಒಂದೇ ಚೈನು. ಅದೂ ಹೋದ್ರೆ ಮುಗೀತು."

"ಹೆಂಗಮ್ಮ ಹೇಳ್ತಾರೆ? ಮೊಳೆ ತೋರಿಸಿದ್ರೆ ಇದು ಯಾರ್ದು ಅಂತ ಊರಿಗೇ ತಿಳಿಯಾಕಿಲ್ವಾ? ಇವತ್ತು ಅತ್ತೆ ಆಗಿರೋರು, ಅಜ್ಜಿ ಆಗಿರೋರು ಅವ್ರೆ. ಅದೂ ಅಲ್ದೆ ಮೊಳೆ ಕಿತ್ರೆ ಗಾಳಿ ವಾಪಸ್ ಬತ್ತೈತೆ. ಯಾರು ಅದನ್ನ ಮೈಮೇಲೆ ಎಳ್ಕತ್ತಾರೆ?"

ಅಕ್ಕ ತಲೆಯ ಮೇಲಿನ ಸೆರಗು ತೆಗೆದು ಸೊಂಟಕ್ಕೆ ಸಿಕ್ಕಿಸಿದರು. ಮರದ ಬುಡಕ್ಕೆ ಹೋದರು. ಬೇರು ಮುಗಿದು ಕಾಂಡ ಶುರುವಾಗುವ ಜಾಗಕ್ಕೆ ಅಂಗಾಲು ಒತ್ತಿ, ಆ ಕೆಸರಿನಲ್ಲಿ, ಮರದ ಪಕ್ಕದಲ್ಲಿ ಉದ್ದಕ್ಕೆ ಮಲಗಿಬಿಟ್ಟರು!

ನಾನು ಅಕ್ಕನಿಗೆ ಏನೋ ಆಗಿಹೋಯಿತು ಎಂದು ಓಡಿದೆ. ಅವರು ಮಲಗಿದಲ್ಲಿಂದಲೇ ಕೈ ಎತ್ತಿ ತಮ್ಮ ನೆತ್ತಿಯ ನೇರಕ್ಕೆ ಮರವನ್ನು ಮುಟ್ಟಿದರು.

"ಆಗ ನಂಗೆ ಹದಿನೈದು. ಇಷ್ಟುದ್ದ ಇರ್ಲಿಲ್ಲ. ನಾಲ್ಕು ಬೆರಳು ಕೆಳಗೆ ಗುರುತು ಮಾಡು. ಉಳಿ ತಗಂಡ್ಬಾ."

ಒಬ್ಬ ಮುದುಕಿ ಹತ್ತಿರ ಬಂದು ಬಗ್ಗಿ ನೋಡಿ, "ಅಯ್ಯೋ, ನೀನು ಬಾವಿ ಮನೆ ಕಿರೀ ಸೊಸೆ ಅಲ್ವೇನೇ!" ಎಂದಳು.

"ಹೂಂ ಕಣಮ್ಮ, ಅವ್ಳೇ. ಮದುವೆ ಆದ ವರ್ಷ ಊಟ ಬಿಟ್ಟಿದ್ದೆ, ಅತ್ತೇಗೆ ಎದುರು ಮಾತಾಡ್ಬುಟ್ಟೆ. ಗಾಳಿ ಅಂದ್ರಿ, ಮೊಳೆ ಹೊಡ್ಸಿದ್ರಿ. ಮೂರನೇ ದಿನ ನನ್ ಗಂಡನೇ ನನ್ನ ಕರ್ಕಂಡು ಕಲ್ಯಾಣದುರ್ಗಕ್ಕೆ ನಡ್ಕಂಡೋದ. ಅಲ್ಲಿಂದ ಹಿಂದೂಪುರ. ಅವತ್ತು ಹೋದೋಳು ಇವತ್ತೇ ಬಂದಿದ್ದು."

ನಾನು ಉಳಿಯಿಂದ ಕೆತ್ತಿದೆ. ಮೂರು ಬೆರಳು ಆಳದಲ್ಲಿ ಕಮ್ಮಾರ ಬಡಿದ ಚೌಕ ಮೊಳೆ ಸಿಕ್ಕಿತು! ನಾನು ತೋರಿಸಿದೆ, ಜನ ಹೆಜ್ಜೆ ಹಿಂದಿಟ್ಟರು. ಅಕ್ಕ ಇಕ್ಕಳ ಕಸಿದುಕೊಂಡು, ಕಾಲು ಮರಕ್ಕೆ ಊರಿ, ತಾವೇ ಎಳೆದು ಕಿತ್ತರು. ಆಮೇಲೆ ಮರದ ಮೇಲೆ ಕಾಲು ಇಳಿಬಿಟ್ಟು ಕೂತು, "ಯಾರಾನಾ ಒಂದು ಲೋಟ ಟೀ ಕೊಡ್ತೀರಾ? ಗಾಳಿ ಬರೋದಾದ್ರೆ ಟೀ ಮುಗಿಯೋದ್ರೊಳಗೆ ಬರ್ಲಿ. ಆಮೇಲೆ ನಂಗೆ ಕೆಲಸ ಐತೆ" ಎಂದರು.

ಅಂಥ ಟೀಯನ್ನು ನಾನು ಮತ್ತೆ ಕಂಡಿಲ್ಲ. ಎದುರು ಮನೆಯಿಂದ ಲೋಟ ಬಂತು. ಅಕ್ಕ ಗುಟುಕರಿಸುತ್ತಿದ್ದಾರೆ, ಇನ್ನೂರು ಕಣ್ಣು ಆ ಲೋಟವನ್ನೇ ನೋಡುತ್ತಿವೆ. ಅವರು ಒಮ್ಮೆ ಕೆಮ್ಮಿದರು, ನಾಲ್ಕು ಜನ ಓಡಿದರು. "ಏನಿಲ್ಲ, ಶುಂಠಿ ಜಾಸ್ತಿ" ಎಂದರು ಅಕ್ಕ. ಕೊನೆಯ ಗುಟುಕು ಕುಡಿದು ಲೋಟವನ್ನು ಬೋರಲು ಹಾಕಿ ಎಲ್ಲರಿಗೂ ತೋರಿಸಿದರು. ಏನೂ ಆಗಲಿಲ್ಲ.

ಗುಂಪಿನ ಹಿಂದಿನಿಂದ ಒಬ್ಬ ಗಟ್ಟಿಮುಟ್ಟು ಹೆಂಗಸು ಜನರನ್ನು ತಳ್ಳಿಕೊಂಡು ಬಂದಳು. "ಅಕ್ಕಾ, ನಂದೂ ಒಂದೈತೆ" ಎಂದವಳೇ ಕೆಸರಿನಲ್ಲಿ ಮಲಗಿದಳು. ಅವಳ ನೆತ್ತಿಯ ಹತ್ತಿರ ಯಾರೋ ಎಲೆ ಅಡಿಕೆಯ ಸುಣ್ಣದಿಂದ ಗುರುತು ಹಾಕಿದರು. ಆಮೇಲೆ ಮತ್ತೊಬ್ಬಳು. "ನಂದು ನಿಂದಕ್ಕಿಂತ ಗೇಣು ಕೆಳಗೆ ಕಣೇ, ನಾನು ಕುಳ್ಳಿ." ಅಳು ಬರುವ ಜಾಗದಲ್ಲಿ ನಗು ಬಂತು! ಎಪ್ಪತ್ತು ದಾಟಿದ ಅಜ್ಜಿಯೊಬ್ಬಳು ಮಲಗಲಾರದೆ, ಮೊಮ್ಮಗಳನ್ನು ಮಲಗಿಸಿ ಅವಳ ಕಿವಿಯ ನೇರಕ್ಕೆ ಗುರುತು ಹಾಕಿಸಿದಳು. ನಾನು ಮುಂಚೆ ಮದುಮಗನನ್ನು ಇಟ್ಟು ಕಿಡಿ ಎಬ್ಬಿಸಿದ ಕಡೆಯೂ ಒಬ್ಬಾಕೆ ಬಂದು ಕೈಯಿಟ್ಟು, "ಇದು ನಮ್ಮತ್ತೇದು, ಕೂತ್ಕಂಡಾಗ ಹೊಡೆದಿದ್ದು. ಅದಕ್ಕೇ ಅಷ್ಟು ತಗ್ಗು" ಎಂದಳು. ನನಗೆ ನಾಚಿಕೆಯಾಗಿ ಆ ಮೊಳೆಯನ್ನು ನಾನೇ ಹೊರಗೆ ತೆಗೆದು ಅವಳ ಕೈಗೆ ಕೊಟ್ಟೆ.

ಹತ್ತು ಮೊಳೆಯಾಯಿತು. ಅಕ್ಕ ಮುದುಕಿ ಚೈನನ್ನು ಏರಿಸುತ್ತಿದ್ದರು. ಆಗ, ಬೆಳಗ್ಗೆ ನನ್ನ ಕೈ ಹಿಡಿದು ತಡೆದಿದ್ದ ಆ ಹಿರಿಯರು ಕೋಲನ್ನು ಬದಿಗಿಟ್ಟರು. ಇಬ್ಬರ ಭುಜ ಹಿಡಿದು ಮೆಲ್ಲಗೆ ಕೂತರು, ಆಮೇಲೆ ಮಲಗಿದರು.

"ನನ್ ಹೆಂಡ್ತಿ ಹೋಗಿ ಬಾಳ ವರ್ಷ ಆಯ್ತು. ಪಕ್ಕದಾಗೆ ನಿಂತ್ರೆ ನನ್ ಭುಜಕ್ಕೆ ಬರೋಳು" ಎಂದು ಭುಜದ ನೇರಕ್ಕೆ ಮರ ಮುಟ್ಟಿದರು. "ಇಲ್ಲೈತೆ. ಹೊಡೆಯೋ ದಿನ ಬ್ಯಾಡ ಅನ್ನೋಕೆ ನಂಗೆ ಬಾಯಿ ಬರ್ಲಿಲ್ಲ."

ಅಲ್ಲೇ ಇತ್ತು. ಹನ್ನೊಂದನೆಯದು. ಕಿತ್ತ ಮೊಳೆಯನ್ನು ಅವರು ಪಂಚೆಯ ತುದಿಯಲ್ಲಿ ಕಟ್ಟಿಕೊಂಡರು. ನಾನು ಮುಖ ತಿರುಗಿಸಿ ಅತ್ತೆ. ಪಂಪ್‌ಸೆಟ್ ಅಂಗಡಿಯ ಪಂಡಿತ ಅಳುವುದನ್ನು ಮೊದಲ ಸಲ ನೋಡಿದವರು ಆ ಊರಿನವರು.

ಆಮೇಲೆ ನೋಡಿ ಮುದುಕಿಯ ಆಟ! ಅರ್ಧ ಸವೆದ ಹಲ್ಲು, ದುಂಡು ಮೂಲೆ, ಏನೂ ಅವಸರವಿಲ್ಲ. ಅಕ್ಕ ಮಿಷನ್ನಿನ ಭಾರವನ್ನು ಮರದ ಮೇಲೆ ಬಿಟ್ಟು ತಾವು ಸುಮ್ಮನೆ ಹಿಡಿದು ನಿಂತಿದ್ದರು. ಕಪ್ಪು ಚೇಗು ತೆರೆದುಕೊಂಡಿತು, ಒಳಗೆ ಒಂದು ಹನಿ ನೀರಿಲ್ಲ. ಕೆಳಗೆ ಅವಲಕ್ಕಿ, ಬರೀ ಅವಲಕ್ಕಿ! ಎರಡು ಸಲ ನಿಲ್ಲಿಸಿ ಮಸೆದರು, ಹಲ್ಲಿಗೆ ಮೂರೇ ಸಲ. ಒಂದೇ ಒಂದು ಕಿಡಿ ಹಾರಲಿಲ್ಲ. ಬೆಳಗ್ಗೆ ಪುರಳೆ ಮುಟ್ಟಲು ಹೆದರುತ್ತಿದ್ದ ಜನ ಸಂಜೆ ಸಾಲುಗಟ್ಟಿ ನಿಂತು ತುಂಡುಗಳನ್ನು ಲಾರಿಗೆ ಏರಿಸಿದರು.

ವಾಪಸ್ ಬರುವಾಗ ನಾನು ಹೇಳಿದೆ, "ಅಕ್ಕಾ, ನನ್ನಿಂದ ಎರಡು ಚೈನ್ ಹಾಳಾಯ್ತು."

"ಚೈನ್ ಹೋದ್ರೆ ಹೋಯ್ತು ಕಣ್ಲಾ. ಕೇಳ್ದೆ ಕೈ ಹಾಕೋ ಬುದ್ಧಿ ಹೋಯ್ತಾ, ಅದನ್ನೇಳು."

ಮಾರನೆಯ ಬೆಳಗ್ಗೆ ಲಾರಿ ರೇಷ್ಮೆ ಬೀದಿಗೆ ತಿರುಗಿದಾಗ ಹೆಂಗಸರು ಬರಿಗೈಯಲ್ಲಿ ತುಂಡುಗಳನ್ನು ಇಳಿಸಿಕೊಂಡರು. ಸ್ವಲ್ಪ ಹೊತ್ತಿಗೆ ಎಲ್ಲ ಮನೆಯ ಒಲೆಯಲ್ಲೂ ಹುಣಸೆಯ ಕೆಂಡ, ಬೇಯುತ್ತಿರುವ ಗೂಡಿನ ಆ ಗಾಟು ವಾಸನೆ. ಮೂಗು ಮುಚ್ಚಿಕೊಳ್ಳುವ ವಾಸನೆ ಅದು, ಅವತ್ತು ನಾನು ಎದೆ ತುಂಬ ಎಳೆದುಕೊಂಡೆ. ಒಂದು ಮನೆಯಲ್ಲೂ ಚಿಟ್ಟೆ ಹಾರಲಿಲ್ಲ.

ಅಕ್ಕ ತಮ್ಮ ಮೊಳೆಯನ್ನು ಡಿಪೋದ ಗೋಡೆಗೆ ಹೊಡೆದು ಅದಕ್ಕೆ ಚೈನು ನೇತುಹಾಕಿದರು. "ಮೂವತ್ತು ವರ್ಷ ಸುಮ್ನೆ ಕುಂತಿತ್ತು. ಒಸಿ ಕೆಲಸ ಮಾಡ್ಲಿ" ಎಂದರು. ಆಮೇಲೆ ಕಲ್ಯಾಣದುರ್ಗದಿಂದ, ಪರಿಗಿಯಿಂದ ಮರ ಕೊಯ್ಯುವವರು ಚೈನು ಮಸೆಯಿಸಲು, ಮಸೆಯುವುದು ಕಲಿಯಲು ಅವರ ಬಾಗಿಲಿಗೆ ಬರತೊಡಗಿದರು. ಎಲ್ಲರಿಗೂ ಅಕ್ಕ ಮೊದಲು ಕಲಿಸುತ್ತಿದ್ದದ್ದು ಅದೇ ಪ್ರಶ್ನೆಯನ್ನು.

ಅಕ್ಕ ತೀರಿಕೊಂಡ ವಿಷಯ ತಡವಾಗಿ ತಿಳಿದು ನಾನು ಹೋದಾಗ ಹನ್ನೊಂದನೆಯ ದಿನದ ಕಾರ್ಯ ಮುಗಿದಿತ್ತು. ಸೌದೆ ಡಿಪೋ ನಿಂತುಹೋಗಿ ಎಷ್ಟೋ ವರ್ಷವಾಗಿದೆ, ಈಗ ಎಲ್ಲ ಕಡೆ ಗ್ಯಾಸು. ಅಕ್ಕನ ಮಗ ಅಲ್ಲಿ ಬೇರೆ ಕಟ್ಟಡ ಕಟ್ಟಿಸುತ್ತಿದ್ದಾನೆ. ಸುತ್ತಲ ಗೋಡೆಗಳೆಲ್ಲ ಬಿದ್ದಿದ್ದವು. ಆ ಒಂದು ಗೋಡೆ ಮಾತ್ರ ನಿಂತಿತ್ತು. ಮೊಳೆ, ಅದರಲ್ಲಿ ತುಕ್ಕು ಹಿಡಿದ ಮುದುಕಿ ಚೈನು. ಕೂಲಿಯವರು ಹಾರೆ ಕೆಳಗಿಟ್ಟು ದೂರದಲ್ಲಿ ಕೂತಿದ್ದರು.

"ಆ ಮೊಳೆ ಮುಟ್ಟಾಕಿಲ್ಲ ಅಂತ ಕುಂತವ್ರೆ ಅಣ್ಣ. ಅದ್ರಾಗೆ ಅತ್ತೆ ಅವ್ರೆ ಅಂತಾರೆ" ಎಂದಳು ಸೊಸೆ. ಅವಳೂ ಗೋಡೆಯಿಂದ ದೂರವೇ ನಿಂತಿದ್ದಳು.

ನನಗೆ ಸಿಟ್ಟು ಬಂತು, ನಗುವೂ ಬಂತು. ಇಕ್ಕಳ ಇಸಿದುಕೊಂಡು, ಗೋಡೆಗೆ ಕಾಲು ಊರಿ, ಎಳೆದೆ. ಮೊಳೆ ಕೈಗೆ ಬಂತು. ಚೈನು ನನ್ನ ಪಾದದ ಹತ್ತಿರ ಬಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಒಂದು ಲೋಟ ಟೀ ತರಿಸಿಕೊಂಡು ಅಲ್ಲೇ ಕಲ್ಲಿನ ಮೇಲೆ ಕೂತೆ. ಮೆಲ್ಲಗೆ, ಒಂದೊಂದೇ ಗುಟುಕು ಕುಡಿದೆ. ಮೊಳೆಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದಿದ್ದೆ. ಬರಲಿ, ಅಕ್ಕ ಬರಲಿ, ನನ್ನ ಮೈಮೇಲೆಯೇ ಬರಲಿ, "ಏನ್ಲಾ, ಕೇಳ್ದೆ ಕೈ ಹಾಕಿದ್ಯಾ?" ಎಂದು ಒಮ್ಮೆ ಬೈಯಲಿ ಎಂದು ಕಾದೆ.

ಲೋಟ ಖಾಲಿಯಾಯಿತು. ಬೋರಲು ಹಾಕಿ ತೋರಿಸಿದೆ. ಕೂಲಿಯವರು ಎದ್ದು ಹಾರೆ ಹಿಡಿದರು.

ನಾನು ಏಳಲಿಲ್ಲ. "ಇನ್ನೊಂದು ಲೋಟ ಕೊಡಮ್ಮ" ಎಂದೆ.